ಮರಳಿ ಮರಳಿ ಬರುವ ನಾದ

ಗೋಪುರವೊಂದರಲ್ಲಿ ಮೂರು ಗಂಟೆಗಳಿವೆ. ಒಂದು 6 ನಿಮಿಷಗಳಿಗೊಮ್ಮೆ, ಇನ್ನೊಂದು 8 ನಿಮಿಷಗಳಿಗೊಮ್ಮೆ, ಮತ್ತೊಂದು 12 ನಿಮಿಷಗಳಿಗೊಮ್ಮೆ ಮೊಳಗುತ್ತವೆ. ಈಗ ಮೂರೂ ಒಟ್ಟಿಗೆ ಮೊಳಗಿದರೆ, ಪುನಃ ಒಟ್ಟಿಗೆ ಮೊಳಗುವುದು ಯಾವಾಗ? ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಈ ಲೆಕ್ಕವನ್ನು ಮಾಡಿರುತ್ತಾರೆ. 6, 8, 12 ಇವುಗಳ ಲಘುತಮ ಸಾಮಾನ್ಯ ಅಪವರ್ತ್ಯ 24. ಆದುದರಿಂದ 24 ನಿಮಿಷಗಳ ಅನಂತರ. ಉತ್ತರವನ್ನು ಬರೆದು ಅಂಕ ಗಳಿಸಿದ ಮೇಲೆ ನಾವು ಅದನ್ನು ಮರೆತುಬಿಡುತ್ತೇವೆ. ಇದೇ ಲೆಕ್ಕದ ಮೇಲೆ ಒಂದು ಸುಂದರವಾದ ಸಂಗೀತ ಕೃತಿ ನಿಂತಿದೆಯೆಂದರೆ ಆಶ್ಚರ್ಯವಾಗದಿರದು.

ವಿದ್ಯುನ್ಮಾನ ಸಂಗೀತದಲ್ಲಿ, ಅದರಲ್ಲೂ ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಹೊರಬರುವ ಪ್ರಯೋಗಶೀಲ ಆಲ್ಬಮ್‌ಗಳಲ್ಲಿ, ಆಸಕ್ತಿಯುಳ್ಳ ತರುಣರು ಇಂದು ನಮ್ಮ ಕಾಲೇಜುಗಳಲ್ಲಿ ಹಲವರಿದ್ದಾರೆ. ಹಿರಿಯರು ಅದರ ಮೇಲೆ ಹೊರಿಸುವ ಆರೋಪ ಒಂದೇ: “ಅದೇ ಸದ್ದು ಮತ್ತೆ ಮತ್ತೆ ಬರುತ್ತದೆ, ಇದೆಂತಹ ಸಂಗೀತ?” ಆರೋಪದ ಮೊದಲ ಭಾಗ ನಿಜವೆಂದು ಒಪ್ಪೋಣ. ಆದರೆ ತಂಬೂರಿಯ ನಾಲ್ಕು ತಂತಿಗಳನ್ನು ಗಂಟೆಗಟ್ಟಲೆ ಮೀಟುವುದನ್ನು ಕೇಳಿ ಬೆಳೆದ ನಮಗೆ, ಮರಳಿ ಬರುವ ನಾದ ಬರಿಯ ಪುನರುಕ್ತಿಯಲ್ಲವೆಂಬುದು ತಿಳಿಯದ ಸಂಗತಿಯೇನೂ ಅಲ್ಲ. ಒಂದೇ ನಾದ ಮರಳಿ ಬಂದಾಗ ಬದಲಾಗುವುದು ಏನು? ಈ ಪ್ರಶ್ನೆಗೆ ನಾಲ್ಕು ಆಲ್ಬಮ್‌ಗಳು ನಾಲ್ಕು ಬಗೆಯಾಗಿ ಉತ್ತರ ಕೊಡುತ್ತವೆ.

ಸುರುಳಿಯ ಹುಟ್ಟು

1948ರಲ್ಲಿ ಪ್ಯಾರಿಸಿನ ರೇಡಿಯೊ ಎಂಜಿನಿಯರ್ ಪಿಯೆರ್ ಶೆಫರ್ ಎಂಬವರು ರೈಲುಗಾಡಿಗಳ ಸದ್ದನ್ನು ಮುದ್ರಿಸಿ, ಅದರಿಂದಲೇ ಒಂದು ಕೃತಿಯನ್ನು ಕಟ್ಟಿದರು. ಸಾಮಾನ್ಯವಾದ ಗ್ರಾಮಫೋನ್ ತಟ್ಟೆಯ ಗೀರು ಸುರುಳಿಯಾಕಾರದಲ್ಲಿ ಒಳಗೊಳಗೆ ಸಾಗುವುದಷ್ಟೆ. ಶೆಫರರು ಅದನ್ನು ಪೂರ್ಣ ವೃತ್ತವಾಗಿ ಮುಚ್ಚಿದರು. ಆಗ ಮುಳ್ಳು ಅದೇ ವೃತ್ತದಲ್ಲಿ ಸುತ್ತುತ್ತ ಅದೇ ಸದ್ದನ್ನು ಮತ್ತೆ ಮತ್ತೆ ನುಡಿಯುತ್ತದೆ.

ಅನಂತರ ಈ ಕೆಲಸಕ್ಕೆ ಕಾಂತೀಯ ಟೇಪು ಒದಗಿತು. ಟೇಪೆಂದರೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಅಂಟಿನಲ್ಲಿ ಕಲಸಿ ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಧ್ವನಿ ಮೊದಲು ವಿದ್ಯುತ್ತಿನ ಏರಿಳಿತವಾಗುತ್ತದೆ. ಆ ವಿದ್ಯುತ್ತು ಹರಿಯುವ ಪುಟ್ಟ ವಿದ್ಯುದಯಸ್ಕಾಂತದ ಮುಂದೆ ಟೇಪು ಸರಿದಾಗ, ಏರಿಳಿತಕ್ಕೆ ತಕ್ಕಂತೆ ಕಣಗಳು ಕಾಂತತ್ವವನ್ನು ಪಡೆಯುತ್ತವೆ. ಈ ಪಟ್ಟಿಯ ಒಂದು ತುಂಡನ್ನು ಕತ್ತರಿಸಿ ಎರಡು ತುದಿಗಳನ್ನೂ ಅಂಟಿಸಿದರೆ ಆಯಿತು, ಕೊನೆಯೇ ಇಲ್ಲದ ಬಳೆ.

ಇಪ್ಪತ್ತೇಳು ದಿನಗಳ ಆವರ್ತ

ಇಂಗ್ಲೆಂಡಿನ ಬ್ರಯನ್ ಈನೊ 1978ರಲ್ಲಿ ಹೊರತಂದ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ಮಿನ ಒಂದು ಕೃತಿಯಲ್ಲಿ ಪದಗಳಿಲ್ಲದ ಕಂಠಧ್ವನಿಗಳಷ್ಟೇ ಇವೆ. ಒಂದೊಂದು ಸ್ವರವೂ ಒಂದೊಂದು ಟೇಪಿನ ಬಳೆಯಲ್ಲಿ ತನ್ನ ಪಾಡಿಗೆ ತಾನು ಸುತ್ತುತ್ತದೆ. ಅವುಗಳಲ್ಲಿ ಮೂರರ ಅವಧಿಯನ್ನು ಈನೊ 1996ರ ಉಪನ್ಯಾಸವೊಂದರಲ್ಲಿ ಸುಮಾರಾಗಿ ಹೇಳಿದ್ದಾರೆ: 23 1/2, 25 7/8 ಮತ್ತು 29 15/16 ಸೆಕೆಂಡುಗಳು.

ನಮ್ಮ ಗೋಪುರದ ಲೆಕ್ಕವನ್ನು ಇಲ್ಲಿಗೆ ಅನ್ವಯಿಸೋಣ. ಸೆಕೆಂಡಿನ ಹದಿನಾರನೆಯ ಒಂದು ಭಾಗವನ್ನು ಮಾನವಾಗಿಟ್ಟುಕೊಂಡರೆ, ಮೂರು ಅವಧಿಗಳು ಕ್ರಮವಾಗಿ 376, 414, 479 ಆಗುತ್ತವೆ. ಮೊದಲನೆಯದು 8 × 47. ಎರಡನೆಯದು 2 × 9 × 23. ಮೂರನೆಯದು ಅವಿಭಾಜ್ಯ ಸಂಖ್ಯೆ. ಮೊದಲೆರಡರ ಲ.ಸಾ.ಅ. 77,832, ಅಂದರೆ ಆ ಎರಡು ಬಳೆಗಳು ಮಾತ್ರ ಪುನಃ ಏಕಕಾಲಕ್ಕೆ ಆರಂಭವಾಗಲು 81 ನಿಮಿಷಗಳು ಬೇಕು. ಮೂರನೆಯದನ್ನೂ ಸೇರಿಸಿಕೊಂಡರೆ ಲ.ಸಾ.ಅ. 3,72,81,528 ಆಗುತ್ತದೆ. ಇದನ್ನು 16ರಿಂದ ಭಾಗಿಸಿದರೆ 23,30,095 1/2 ಸೆಕೆಂಡುಗಳು. ಎಂದರೆ, 27 ದಿನಗಳಿಗೆ ಮುಕ್ಕಾಲು ಗಂಟೆಯಷ್ಟು ಮಾತ್ರ ಕಡಿಮೆ!

ಆ ಕೃತಿಯಾದರೋ ಹತ್ತು ನಿಮಿಷಗಳನ್ನೂ ಮೀರದು. ನಾವು ಕೇಳುವುದು ಸುಮಾರು ನಾಲ್ಕು ವಾರಗಳ ವಿಶಾಲವಾದ ಆವರ್ತದ ಒಂದು ಕಿರಿದಾದ ಚೂರನ್ನು. ಪ್ರತಿಯೊಂದು ಸ್ವರವೂ ಮರಳಿ ಬರುತ್ತದೆ. ಆದರೆ ಅವುಗಳ ಜೋಡಣೆ ಮರಳಿ ಬರುವುದಿಲ್ಲ. ಕೆಲವೊಮ್ಮೆ ಎರಡು ಸ್ವರಗಳು ಒಂದರ ಮೇಲೊಂದು ಒರಗುತ್ತವೆ. ಕೆಲವೊಮ್ಮೆ ನಡುವೆ ನೀಳವಾದ ಮೌನ ಬೀಳುತ್ತದೆ. ಕೃತಿಕಾರನು ಇಲ್ಲಿ ನಿಯಮವನ್ನು ಮಾತ್ರ ರಚಿಸಿದ್ದಾನೆ. ಉಳಿದುದನ್ನು ಅಂಕಗಣಿತವೇ ಹಾಡಿದೆ. ಅವಸರದ ಕಿವಿಗೆ ಇದು ಸಪ್ಪೆಯೆನಿಸೀತು. ಮೂರನೆಯ ಸಲ ಕೇಳುವ ತಾಳ್ಮೆಯುಳ್ಳವರಿಗೆ ಇದರ ಸೊಗಸು ಒಲಿಯದಿರದು.

ಸವೆಯುವ ಸುರುಳಿ

ಈನೊ ಅವರ ಬಳೆಗಳು ಸವೆಯುವುದಿಲ್ಲವೆಂದು ನಾವು ಲೆಕ್ಕದಲ್ಲಿ ಭಾವಿಸಿಕೊಂಡೆವು. ಆದರೆ ಟೇಪು ವಸ್ತು, ವಸ್ತುವಿಗೆ ವಯಸ್ಸಾಗುತ್ತದೆ. ಕಣಗಳನ್ನು ಹಿಡಿದಿಟ್ಟಿರುವ ಅಂಟು ವರ್ಷಗಳು ಕಳೆದಂತೆ ಶಕ್ತಿಗುಂದುತ್ತದೆ. ತೇವವೂ ಶಾಖವೂ ಆ ಕ್ಷಯವನ್ನು ತ್ವರೆಗೊಳಿಸುತ್ತವೆ.

ಅಮೆರಿಕದ ವಿಲಿಯಂ ಬಸಿನ್‌ಸ್ಕಿ 1980ರ ದಶಕದ ಆರಂಭದಲ್ಲಿ ಮಾಡಿಟ್ಟಿದ್ದ ಟೇಪಿನ ಬಳೆಗಳನ್ನು 2001ರಲ್ಲಿ ಹೊರತೆಗೆದರು. ಅವು ಹಾಳಾಗುವ ಮೊದಲೇ ಅಂಕೀಯ ರೂಪದಲ್ಲಿ ಉಳಿಸಿಕೊಳ್ಳಬೇಕೆಂಬುದೇ ಅವರ ಉದ್ದೇಶ. ಬಳೆ ಸುತ್ತತೊಡಗಿತು. ಪ್ರತಿ ಸುತ್ತಿನಲ್ಲೂ ಯಂತ್ರದ ಶಿರವನ್ನು ಉಜ್ಜಿ ಸಾಗುವಾಗ ಆಕ್ಸೈಡಿನ ಕಣಗಳು ಉದುರಿದುವು. ಕಣ ಉದುರಿದೆಡೆಯಲ್ಲಿ ಕಾಂತತ್ವವಿಲ್ಲ, ಕಾಂತತ್ವವಿಲ್ಲದೆಡೆಯಲ್ಲಿ ನಾದವಿಲ್ಲ. ಉಳಿಸುವ ಕ್ರಿಯೆಯೇ ಅಳಿಸುವ ಕ್ರಿಯೆಯಾಯಿತು! ಬಸಿನ್‌ಸ್ಕಿ ಯಂತ್ರವನ್ನು ನಿಲ್ಲಿಸಲಿಲ್ಲ. ಆ ಅಳಿವನ್ನೇ ಆದ್ಯಂತವಾಗಿ ಮುದ್ರಿಸಿಕೊಂಡರು.

2002ರಿಂದ ನಾಲ್ಕು ಸಂಪುಟಗಳಲ್ಲಿ ಹೊರಬಂದ ‘ದಿ ಡಿಸಿಂಟಿಗ್ರೇಷನ್ ಲೂಪ್ಸ್’ ಇದೇ. ಮೊದಲನೆಯ ಕೃತಿ ಒಂದು ಗಂಟೆಗೂ ಮೀರಿ ನಡೆಯುತ್ತದೆ. ಆರಂಭದಲ್ಲಿ ತುಂಬಿದ, ಗಂಭೀರವಾದ ಒಂದು ಕಿರಿಯ ರಾಗಖಂಡ. ಬರಬರುತ್ತ ಅದರಲ್ಲಿ ಬಿರುಕುಗಳು. ಕೊನೆಗೆ ಮೌನದ ನಡುವೆ ಅಲ್ಲೊಂದು ಇಲ್ಲೊಂದು ಉಸಿರು. ಈ ಸುತ್ತಿಗೂ ಹಿಂದಿನ ಸುತ್ತಿಗೂ ಇರುವ ಅಂತರ ಕಿವಿಗೆ ಗೋಚರಿಸದು. ಹತ್ತು ನಿಮಿಷ ಕಳೆದ ಮೇಲೆ ಮಾತ್ರ, ಏನೋ ಹೋಯಿತೆಂಬ ಅರಿವು ಥಟ್ಟನೆ ಮೂಡುತ್ತದೆ. ಮನೆಯ ಹಿರಿಯರು ಮುದುಕರಾಗುವುದನ್ನು ನಾವು ಕಾಣುವುದೂ ಹೀಗೆಯೇ ಅಲ್ಲವೆ? ಟೇಪಿನ ರಸಾಯನಶಾಸ್ತ್ರ ಇಷ್ಟು ಮನಸ್ಸನ್ನು ಕಲಕಬಲ್ಲುದೆಂದು ಈ ಕೃತಿಯನ್ನು ಕೇಳುವವರೆಗೆ ನಂಬುವುದು ಕಷ್ಟ. ಈ ನಾಲ್ಕರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಇದನ್ನೇ ಆರಿಸುವೆನು.

ಬಟ್ಟೆ ಒಗೆಯುವ ಯಂತ್ರದ ಗಾನ

ಮೂರನೆಯದು ವಿನೋದದ ಕೃತಿ. ಅಮೆರಿಕದ ಬಾಲ್ಟಿಮೋರ್ ನಗರದ ‘ಮ್ಯಾಟ್ಮಾಸ್’ ಎಂಬ ಇಬ್ಬರ ತಂಡ 2016ರಲ್ಲಿ ತಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರದ ಸದ್ದುಗಳಿಂದಲೇ ‘ಅಲ್ಟಿಮೇಟ್ ಕೇರ್ ಟೂ’ ಎಂಬ ಆಲ್ಬಮನ್ನು ಕಟ್ಟಿತು. 38 ನಿಮಿಷಗಳ ಒಂದೇ ಕೃತಿ: ಗುಂಡಿಯನ್ನು ತಿರುಗಿಸುವ ಸದ್ದಿನಿಂದ ಮೊದಲಾಗಿ, ನೀರು ತುಂಬಿ, ಯಂತ್ರ ಕುಲುಕಿ, ಗಿರಗಿರನೆ ತಿರುಗಿ ನಿಲ್ಲುವವರೆಗೆ. ಕೆಲವೆಡೆ ವಿನೋದ ಅಗತ್ಯಕ್ಕಿಂತ ಹೆಚ್ಚು ಎಳೆದಾಡಿದೆಯೆಂದು ಒಪ್ಪಬೇಕು. ಆದರೂ ಪುನರಾವೃತ್ತಿಯ ವೇಗದ ಬಗ್ಗೆ ಈ ಯಂತ್ರ ನಮಗೊಂದು ಪಾಠವನ್ನು ಕಲಿಸುತ್ತದೆ.

ಪಾಠವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರದ ಕಡ್ಡಿಗಳಿಗೆ ತಾಗುವಂತೆ ದಪ್ಪ ಕಾಗದವನ್ನು ಹಿಡಿಯಿರಿ. ಚಕ್ರಕ್ಕೆ 36 ಕಡ್ಡಿಗಳಿದ್ದು, ಅದು ನಾಲ್ಕು ಸೆಕೆಂಡುಗಳಿಗೆ ಒಂದು ಸುತ್ತು ತಿರುಗಿದರೆ, ಸೆಕೆಂಡಿಗೆ 9 ಪೆಟ್ಟುಗಳು. ಟಕ್ ಟಕ್ ಎಂದು ಒಂದೊಂದೂ ಬೇರೆಯಾಗಿ ಕೇಳುತ್ತದೆ, ಇದು ಲಯ. ಸೆಕೆಂಡಿಗೆ ಒಂದು ಸುತ್ತಾದರೆ 36 ಪೆಟ್ಟುಗಳು. ಅವು ಒಂದಕ್ಕೊಂದು ಬೆಸೆದು ಗುರ್ ಎಂಬ ಕೆಳದನಿಯಾಗುತ್ತವೆ. ವೇಗ ಇನ್ನೂ ಹೆಚ್ಚಿದಂತೆ ದನಿ ಮೇಲೇರುತ್ತದೆ; ಇದು ಶ್ರುತಿ. ಸೆಕೆಂಡಿಗೆ ಸುಮಾರು 20 ಎಂಬುದೇ ನಮ್ಮ ಕಿವಿಗೆ ಲಯಕ್ಕೂ ಶ್ರುತಿಗೂ ನಡುವಣ ಗಡಿ. ಹಾಗಾದರೆ ಸ್ವರವೂ ಅತಿವೇಗದ ಪುನರಾವೃತ್ತಿಯೇ ಹೊರತು ಬೇರೆಯಲ್ಲ! ಮರಳಿ ಬರುವುದನ್ನು ಸಂಗೀತದಿಂದ ಹೊರದೂಡಿದರೆ ಸ್ವರವೇ ಉಳಿಯದು.

ಅಹಮದಾಬಾದಿನ ಟೇಪುಗಳು

ಇವೆಲ್ಲ ಪರದೇಶದ ಮಾತುಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಒಂದು ವಿದ್ಯುನ್ಮಾನ ಸಂಗೀತ ಕೇಂದ್ರ ಆರಂಭವಾಯಿತು. ಅಮೆರಿಕದ ಡೇವಿಡ್ ಟ್ಯೂಡರ್ ಅವರು ಬಂದು ಮೂಗ್ ಸಿಂಥಸೈಜರನ್ನೂ ಟೇಪುಯಂತ್ರಗಳನ್ನೂ ಅಣಿಗೊಳಿಸಿದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಇವರು ಅಲ್ಲಿ ಪ್ರಯೋಗಗಳನ್ನು ನಡೆಸಿದರು. 1972ರ ಬಳಿಕ ಆ ಕೆಲಸ ನಿಂತುಹೋಯಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಮೌನವಾಗಿದ್ದುವು. ಇಂಗ್ಲೆಂಡಿನ ಸಂಗೀತಗಾರ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ಸಂಕಲಿಸಿದುದರಿಂದ, 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಎಂಬ ಆಲ್ಬಮ್ ಹೊರಬಂದಿತು.

ಬಸಿನ್‌ಸ್ಕಿಯವರ ಬಳೆಗಳ ಗತಿಯನ್ನು ಬಲ್ಲ ನಾವು, ಈ ಟೇಪುಗಳಿಗೂ ಅದೇ ಗತಿ ಒದಗಬಹುದಾಗಿತ್ತೆಂದು ಊಹಿಸಬಲ್ಲೆವು. ಅವು ಉಳಿದುಬಂದುದರಿಂದ, ಅರ್ಧ ಶತಮಾನದ ಹಿಂದೆ ನಮ್ಮವರು ಹೊಸ ನಾದದ ಮುಂದೆ ಎಷ್ಟು ನಿರ್ಭಯವಾಗಿ ನಿಂತಿದ್ದರೆಂಬುದು ಇಂದಿನ ತರುಣರಿಗೆ ತಿಳಿಯಿತು. ಕೆಲವು ತುಣುಕುಗಳು ಬರಿಯ ಅಭ್ಯಾಸದಂತಿವೆ, ನಿಜ. ಆದರೆ ಅವುಗಳಲ್ಲಿರುವ ಕುತೂಹಲ ಇನ್ನೂ ಹಸಿಯಾಗಿದೆ. ಇಲ್ಲಿ ಮರಳಿ ಬಂದುದು ಒಂದು ಸ್ವರವಲ್ಲ, ಒಂದು ಕಾಲ.

ಇದರಿಂದ ನಮಗೊಂದು ಕರ್ತವ್ಯವೂ ಒದಗುತ್ತದೆ. ಅಜ್ಜಿಯ ಹಾಡು, ತಾತನ ಮಾತು ಇರುವ ಹಳೆಯ ಕ್ಯಾಸೆಟ್ಟು ಅಟ್ಟದ ಮೇಲೆಲ್ಲಾದರೂ ಇದ್ದರೆ, ಅದನ್ನು ಕುತೂಹಲಕ್ಕಾಗಿ ಪದೇಪದೇ ಓಡಿಸಿ ನೋಡಬೇಡಿ. ಬಿಸಿಲು, ತೇವ, ಅಯಸ್ಕಾಂತ ಇವುಗಳಿಂದ ದೂರವಿಡಿ. ಬಲ್ಲವರಿಂದ ಒಮ್ಮೆ ಎಚ್ಚರಿಕೆಯಿಂದ ಓಡಿಸಿ, ಅಂಕೀಯ ಪ್ರತಿಯನ್ನು ಮಾಡಿಸಿಕೊಳ್ಳಿ. ಆ ಪ್ರತಿಯನ್ನೂ ಎರಡು ಕಡೆ ಇರಿಸಿ. ಪ್ರತಿಯನ್ನು ಎಷ್ಟು ಸಲ ಬೇಕಾದರೂ ಮತ್ತೆ ಕೇಳಬಹುದು. ಮೂಲದ ಸುತ್ತುಗಳು ಮಾತ್ರ ಎಣಿಕೆಯವು.