ಅಲ್ಲಿ ಗಿಫ್ಟ್ ಎಂದರೆ ವಿಷ

ಪುಟ್ಟೀ, ಓದಲೆಂದು ಜರ್ಮನಿಗೆ ಹೊರಟಿದ್ದೀಯ. ಇಂಗ್ಲಿಷ್ ಬಲ್ಲವರಿಗೆ ಜರ್ಮನ್ ಕಷ್ಟವಲ್ಲ ದೊಡ್ಡಪ್ಪ, ಎರಡೂ ಅಕ್ಕತಂಗಿ ಭಾಷೆಗಳು, ಎಷ್ಟೋ ಪದ ತಾನಾಗಿ ತಿಳಿಯುತ್ತದೆ ಎಂದು ಮೊನ್ನೆ ನೀನು ಹೇಳಿದೆ. ಆಗಿನಿಂದ ಮನಸ್ಸಿಗೆ ಅಳುಕು. ಅದಕ್ಕೇ ಹೊರಡುವ ಮುಂಚೆ ಒಂದೇ ಒಂದು ಪದದ ಕಥೆ ಹೇಳುತ್ತೇನೆ, ಕೇಳು.

ಅಲ್ಲಿ ಯಾವುದಾದರೂ ಬಾಟಲಿಯ ಮೇಲೆ ‘ಗಿಫ್ಟ್’ ಎಂದು ಬರೆದಿದ್ದರೆ ಒಳಗಿರುವುದು ವಿಷ. ‘ಗಿಫ್ಟಿಗ್’ ಎಂದರೆ ವಿಷಕಾರಿ. ಕಾಡಿನ ವಿಷದ ಅಣಬೆಗೂ ಅವರ ಭಾಷೆಯಲ್ಲಿ ಈ ಪದವೇ ತಳುಕು ಹಾಕಿಕೊಂಡಿದೆ.

ಹುಟ್ಟಿನಲ್ಲಿ ಇದು ಕೆಟ್ಟ ಪದವಲ್ಲ. ಇಂಗ್ಲಿಷಿನ ಗಿವ್, ಜರ್ಮನ್ನಿನ ಗೇಬನ್ ಇದರ ಒಡಹುಟ್ಟುಗಳು. ಗಿಫ್ಟ್ ಎಂದರೆ ಕೊಟ್ಟದ್ದು, ಅಷ್ಟೆ. ಗ್ರೀಕರಲ್ಲೂ ‘ಕೊಡುವುದು’ ಎಂಬರ್ಥದ ಡೋಸಿಸ್ ಎಂಬ ಪದವಿತ್ತು. ವೈದ್ಯ ಅಳೆದು ಕೊಡುವ ಮದ್ದಿಗೂ ಅದೇ ಹೆಸರಾಯಿತು. ನಾವಿಂದು ಡೋಸ್ ಎನ್ನುವುದು ಅದನ್ನೇ. ಲ್ಯಾಟಿನ್ ಮೂಲಕ ಬಂದ ಆ ಅರ್ಥವನ್ನು ಜರ್ಮನ್ನರು ತಮ್ಮ ಗಿಫ್ಟ್ ಪದಕ್ಕೆ ಹೊರಿಸಿದರು. ವಿಷ ಎಂದು ಬಾಯಿಬಿಟ್ಟು ಹೇಳಲು ಹಿಂಜರಿದವರು ‘ಕೊಟ್ಟದ್ದು’ ಎಂದರು. ಹಾವು ಕಚ್ಚಿತು ಎನ್ನದೆ ನಮ್ಮ ಹಳ್ಳಿಯವರು ಹುಳ ಮುಟ್ಟಿತು ಎನ್ನುವುದಿಲ್ಲವೇ, ಹಾಗೆ. ಕಡೆಗೆ ಜರ್ಮನ್ನಿನಲ್ಲಿ ವಿಷವೊಂದೇ ಉಳಿಯಿತು. ಹಳೆಯ ಅರ್ಥ ಒಂದು ಮೂಲೆಯಲ್ಲಿ ಬದುಕಿಕೊಂಡಿದೆ: ‘ಮಿಟ್‌ಗಿಫ್ಟ್’, ಅಂದರೆ ಮದುಮಗಳ ಜೊತೆಗೆ ಕೊಟ್ಟು ಕಳಿಸುವ ಬಳುವಳಿ.

ಮದುವೆಗೂ ಈ ಪದಕ್ಕೂ ನಂಟು ಬಹಳ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಗಿಫ್ಟ್ ಎಂದರೆ ವಧುವಿಗಾಗಿ ತೆರುತ್ತಿದ್ದ ತೆರ. ಇಂದಿನ ಉಡುಗೊರೆಯ ಅರ್ಥ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾದ ಜನರ ಮಾತಿನಿಂದ. ಆ ಸ್ಕ್ಯಾಂಡಿನೇವಿಯಾದಲ್ಲಿ ಈಗ ಏನಾಗಿದೆ ಗೊತ್ತೇ? ಸ್ವೀಡನ್ನಿನಲ್ಲಿ ಬರೆಯುವುದು ಗಿಫ್ಟ್, ಉಚ್ಚರಿಸುವುದು ಯಿಫ್ಟ್. ಅದರರ್ಥ ಮದುವೆಯಾದವರು, ವಿಷ ಎಂದೂ ಹೌದು. ಡೆನ್ಮಾರ್ಕ್, ನಾರ್ವೆಗಳಲ್ಲೂ ಒಂದೇ ಪದಕ್ಕೆ ಈ ಎರಡರ್ಥ. ಡಚ್ಚರು ಮಾತ್ರ ಜಾಣತನದಿಂದ ಬೇರೆ ಮಾಡಿಕೊಂಡರು: ಗಿಫ್ಟ್ ಎಂದರೆ ಕೊಡುಗೆ, ಕೊನೆಯ ಅಕ್ಷರ ಬಿಟ್ಟ ಗಿಫ್ ಎಂದರೆ ವಿಷ.

ಎಂಥ ವಿಚಿತ್ರ ಭಾಷೆ ಎನ್ನಬೇಡ. ಮದುವೆಮನೆಯಲ್ಲಿ ನಾವು ಮುಯ್ಯಿ ಓದಿಸುತ್ತೇವೆ. ಹಗೆಯ ಮೇಲೂ ಮುಯ್ಯಿ ತೀರಿಸಿಕೊಳ್ಳುತ್ತೇವೆ. ನಿನ್ನ ಅಜ್ಜಿ ಕೆಮ್ಮಿಗೆ ಮದ್ದು ಅರೆದು ಕೊಡುತ್ತಿದ್ದಳು. ಅದೇ ಅಜ್ಜಿ, ಯಾರಿಗೋ ಊಟದಲ್ಲಿ ಮದ್ದು ಹಾಕಿದ್ದಾರಂತೆ ಎಂದು ದನಿ ತಗ್ಗಿಸಿ ಹೇಳಿದಾಗ ನಾವು ಮಕ್ಕಳು ನಡುಗುತ್ತಿದ್ದೆವು. ಪದ ಒಂದೇ, ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳಿದರು ಎಂಬುದರಿಂದ ನಮಗೆ ಅರ್ಥ ಹೊಳೆಯುತ್ತಿತ್ತು. ಜರ್ಮನ್ನರ ಮನೆಗಳಲ್ಲಿ ನಿನಗೆ ಆ ಕಿವಿ ಬೆಳೆಯಲು ಕಾಲ ಬೇಕು.

ಕಿಟೆಲ್ ಅವರನ್ನು ನೆನೆಸಿಕೋ. 1832ರಲ್ಲಿ ಜರ್ಮನಿಯ ನೆಲದಲ್ಲಿ ಹುಟ್ಟಿದವರು, 1853ರಲ್ಲಿ ನಮ್ಮ ನಾಡಿಗೆ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನಲ್ಲಿ. ಹುಟ್ಟಿದ ನಾಡಿನಲ್ಲಿ ವಿಷವಾಗಿದ್ದ ಪದ ತಾವು ಅರ್ಥ ಬರೆಯುವ ಇಂಗ್ಲಿಷಿನಲ್ಲಿ ಉಡುಗೊರೆ! ಎರಡನ್ನೂ ತಲೆಯಲ್ಲಿ ಬೇರೆಬೇರೆ ಇಟ್ಟುಕೊಂಡು ಅವರು ಮೂರನೆಯದಾದ ನಮ್ಮ ಭಾಷೆಯ ಪದಗಳನ್ನು ಒಂದೊಂದಾಗಿ ವಿಚಾರಿಸಿದರು. ನೀನೂ ಹಾಗೆ ವಿಚಾರಿಸು ಮಗಳೇ. ಗುರುತಿನ ಮುಖದ ಪದ ಎದುರಾದಾಗಲೇ ನಿಘಂಟು ತೆಗೆ; ಗುರುತಿಲ್ಲದ ಪದಕ್ಕೆ ಹೇಗೂ ತೆಗೆಯುತ್ತೀಯ.

ನಿನ್ನ ಮನೆಯೊಡತಿಗೆಂದು ದೊಡ್ಡಮ್ಮ ಮೈಸೂರುಪಾಕ್ ಕಟ್ಟಿಕೊಡುತ್ತಾಳೆ. ಕೊಡುವಾಗ ‘ಗೆಶೆಂಕ್’ ಎನ್ನು. ಉಡುಗೊರೆಗೆ ಅಲ್ಲಿ ಹಾಗೆನ್ನುತ್ತಾರೆ.