ಸೆನ್ಸರಿನ ಬೆನ್ನಿಗೂ ಹೊದಿಕೆ ಬೇಕು

ಭಾರತೀನಗರದ ಸುತ್ತ ವಿಶ್ವೇಶ್ವರಯ್ಯ ನಾಲೆ ನೀರು ಹರಿದರೂ ನಮ್ಮ ದಿಣ್ಣೆಗೆ ಹತ್ತುವುದಿಲ್ಲ. ರಾಗಿ, ಹುರುಳಿ, ಜತೆಗೆ ಎರಡು ಸೀಮೆಹಸು. ಮನೆಖರ್ಚು ನಡೆಯುವುದು ಡೈರಿ ದುಡ್ಡಿನಲ್ಲೇ.

ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂತಿ ಥರ್ಮಾಮೀಟರ್ ತಂದುಕೊಟ್ಟ. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಒಂದು ಮೀಟರ್ ತಂತಿ, ತುದಿಯಲ್ಲಿ ಸಣ್ಣ ಸೆನ್ಸರ್. ಮೀನಿನ ತೊಟ್ಟಿಗೆ ಹಾಕುವ ಸಾಮಾನು. ಒಳಗಿರುವುದು ಥರ್ಮಿಸ್ಟರ್ ಎಂಬ ಕಾಳು. ಬಿಸಿ ಏರಿದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ. ಅದನ್ನೇ ಪೆಟ್ಟಿಗೆ ಡಿಗ್ರಿ ಮಾಡಿ ತೋರಿಸುತ್ತದೆ.

ಒಂದು ಚಳಿಗಾಲದ ಸಂಜೆ ದೊಡ್ಡ ಹಸು ಮೆಲುಕು ನಿಲ್ಲಿಸಿತು. ಬಾಲದ ಬುಡಕ್ಕೆ ಸೆನ್ಸರನ್ನು ದಾರದಲ್ಲಿ ಕಟ್ಟಿ ನೋಡಿದೆ: 33 ಡಿಗ್ರಿ ಸೆಲ್ಸಿಯಸ್. ಹಸುವಿಗೆ 38.5ರ ಆಸುಪಾಸು ಇರಬೇಕೆಂದು ಗೊತ್ತಿತ್ತು. 'ಇಷ್ಟು ಕಮ್ಮಿ ಅಂದ್ರೆ ಜ್ವರವಂತೂ ಇಲ್ಲ' ಅಂದ್ಕೊಂಡು ಮಲಗಿಬಿಟ್ಟೆ. ಬೆಳಿಗ್ಗೆ ಪಶುವೈದ್ಯರು ಬಂದು ಗುದದಲ್ಲಿ ಥರ್ಮಾಮೀಟರ್ ಇಟ್ಟರೆ 104.5 ಫ್ಯಾರನ್‌ಹೀಟ್, ಅಂದರೆ 40.3 ಸೆಲ್ಸಿಯಸ್! "ಯಜಮಾನ್ರೇ, ರಾತ್ರೀನೇ ಹೇಳಿ ಕಳಿಸ್ಬಾರ್ದಿತ್ತಾ?" ಅಂದರು. ಹಸು ಉಳೀತು. ಹಾಲು ಮಾತ್ರ ಹದಿನೈದು ದಿನ ಅರ್ಧಕ್ಕಿಳೀತು.

ಕಟ್ಟಿದ ರೀತಿಯೇ ತಪ್ಪು. ಸೆನ್ಸರಿನ ಒಂದು ಮಗ್ಗುಲು ಚರ್ಮಕ್ಕೆ ತಾಗಿದ್ದರೆ ಉಳಿದ ಮಗ್ಗುಲೆಲ್ಲ ಗಾಳಿಗೆ. ತಂತಿಯೊಳಗಿನ ತಾಮ್ರವೂ ಬಿಸಿಯನ್ನು ಹೊರಕ್ಕೆಳೆಯುತ್ತದೆ. ನಾನು ಓದಿದ್ದು ಚರ್ಮಕ್ಕೂ ಗಾಳಿಗೂ ನಡುವಿನ ಯಾವುದೋ ಅಂಕಿ.

ಈಗ ನಾನು ಮಾಡುವುದು ಹೀಗೆ. ಬಾಲದ ಬುಡದ ಅಡಿ ಮಗ್ಗುಲಲ್ಲಿ ಕೂದಲಿಲ್ಲದ ಜಾಗವನ್ನು ಒರೆಸಿ ಚೆನ್ನಾಗಿ ಒಣಗಿಸುತ್ತೇನೆ. ಒದ್ದೆಯಿದ್ದರೆ ತೇವ ಆರುವಾಗ ತಣ್ಣಗಾಗಿ ಅಂಕಿ ಇಳಿಯುತ್ತದೆ. ಸೆನ್ಸರನ್ನು ಅಡ್ಡ ಮಲಗಿಸಿ, ಅದರ ಹಿಂದಿನ ನಾಲ್ಕು ಬೆರಳು ತಂತಿಯನ್ನೂ ಚರ್ಮಕ್ಕೇ ಮಲಗಿಸಿ ಗಾಯದ ಪ್ಲಾಸ್ಟರ್ ಅಂಟಿಸುತ್ತೇನೆ. ಮೇಲೆ ಬೆರಳು ದಪ್ಪ ಹತ್ತಿ, ಅದರ ಮೇಲೆ ಅಗಲ ಬಟ್ಟೆಪಟ್ಟಿ. ಹತ್ತು ನಿಮಿಷ ಕಾದು, ಅಂಕಿ ನಿಂತ ಮೇಲೆ ಓದುವುದು. ಮುಚ್ಚದೆ 33 ತೋರಿದ್ದ ಜಾಗ ಹೀಗೆ ಕಟ್ಟಿದರೆ 36 ದಾಟುತ್ತದೆ. ಹತ್ತಿಯಿಂದ ಚರ್ಮವೂ ಕೊಂಚ ಬೆಚ್ಚಗಾಗುತ್ತದೆ, ಅದಕ್ಕೇ ಪ್ರತಿಸಲ ಅಷ್ಟೇ ಹತ್ತಿ ಇಡಬೇಕು.

ಬಿಗಿಯಬೇಡಿ. ಒಮ್ಮೆ ಸೈಕಲ್ ಟ್ಯೂಬಿನ ಪಟ್ಟಿ ಹಾಕಿ ರಾತ್ರಿಯೆಲ್ಲ ಬಿಟ್ಟಿದ್ದೆ, ಬೆಳಿಗ್ಗೆ ಬಾಲ ಊದಿಕೊಂಡಿತ್ತು. ಪಟ್ಟಿಯಡಿ ಒಂದು ಬೆರಳು ತೂರಬೇಕು.

ಇಂಥ ಅಗ್ಗದ ಸಾಮಾನು ಒಂದು ಡಿಗ್ರಿ ಆಚೀಚೆ ಇರುವುದುಂಟು. ಉಗುರುಬೆಚ್ಚಗಿನ ನೀರಿನ ಚೊಂಬಿಗೆ ಇದನ್ನೂ ಜ್ವರದ ಥರ್ಮಾಮೀಟರನ್ನೂ ಒಟ್ಟಿಗೆ ಬಿಟ್ಟು ಕದಡಿ ನೋಡಿ, ವ್ಯತ್ಯಾಸವನ್ನು ಪೆಟ್ಟಿಗೆ ಮೇಲೇ ಬರೆದಿಡಿ.

ಎಷ್ಟು ಚೆನ್ನಾಗಿ ಕಟ್ಟಿದರೂ ಚರ್ಮದ ಅಂಕಿ ಒಳಮೈಯ ಅಂಕಿಯಲ್ಲ. ಜ್ವರ ಏರುವ ಹೊತ್ತಿನಲ್ಲಿ ರಕ್ತ ಒಳಕ್ಕೆ ಸರಿದು ಚರ್ಮ ತಣ್ಣಗೇ ಇರಬಹುದು. ಹಾಗಾಗಿ ಎರಡೂ ಹಸುವಿಗೆ ಒಂದೇ ಹೊತ್ತಿನಲ್ಲಿ, ಒಂದೇ ರೀತಿ ಕಟ್ಟಿ ಹೋಲಿಸುತ್ತೇನೆ. ಒಂದರದ್ದು ಹೆಚ್ಚು ಕಂಡರೆ ಗುದದ ಥರ್ಮಾಮೀಟರ್ ತೆಗೆಯುತ್ತೇನೆ. ಮೇವು ಬಿಟ್ಟ ಹಸುವಿಗಾದರೆ ಸೆನ್ಸರ್ ಏನೇ ತೋರಿಸಲಿ, ಮೊದಲು ಅದನ್ನೇ ಇಡುವುದು.