ಶಾಲೆ ಮುಂದಿನ ಬೋರ್ಡ್: ಎಲ್ಲಿ, ಎಷ್ಟು ಎತ್ತರ, ಯಾರು ಹಾಕಬೇಕು?

ಎನ್‌ಎಸ್‌ಎಸ್ ಕ್ಯಾಂಪ್ ಅಂದ್ರೆ ಮೊದಲು ಬರೋ ಐಡಿಯಾ, ತಗಡಿಗೆ ಬಣ್ಣ ಹೊಡೆದು ‘ನಿಧಾನವಾಗಿ ಚಲಿಸಿ’ ಅಂತ ಬರೆದು ಶಾಲೆ ಮುಂದೆ ನಿಲ್ಲಿಸೋದು. ಉದ್ದೇಶ ಒಳ್ಳೆಯದೇ. ಆದರೆ ಅದನ್ನ ಓದಿ ಮುಗಿಸೋದ್ರೊಳಗೆ ಬೈಕ್ ಮಕ್ಕಳ ಹತ್ರ ಬಂದುಬಿಟ್ಟಿದ್ರೆ? ಜೇವರ್ಗಿ ತಾಲೂಕಿನ ಅಂದೋಲಾದಂಥ ಊರನ್ನ ಉದಾಹರಣೆಗೆ ಇಟ್ಟುಕೊಂಡು ನೋಡೋಣ.

ಆಕಾರ: ರಸ್ತೆ ಚಿಹ್ನೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 67 ಅನ್ನೋ ಕೋಡ್ ಇದೆ. ಕೆಂಪು ಅಂಚಿನ ತ್ರಿಕೋನ ಅಂದ್ರೆ ಎಚ್ಚರಿಕೆ. ಕೆಂಪು ಅಂಚಿನ ವೃತ್ತ ಅಂದ್ರೆ ಆದೇಶ. ನೀಲಿ ಆಯತ ಅಂದ್ರೆ ಮಾಹಿತಿ. ನೀಲಿ ವೃತ್ತದಲ್ಲಿ ಒಂದು ಕೆಂಪು ಗೆರೆ ಇದ್ರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಅಡ್ಡಹಾಯ್ದಿದ್ರೆ ನಿಲ್ಲಿಸೋ ಹಾಗೂ ಇಲ್ಲ. ಓದು ಬಾರದವರಿಗೂ ಆಕಾರ ಅರ್ಥ ಆಗ್ತದೆ.

ದೂರ: ಗಂಟೆಗೆ 50 ಕಿ.ಮೀ. ಅಂದ್ರೆ ಸೆಕೆಂಡಿಗೆ 13.9 ಮೀಟರ್. ನೋಡಿ ಬ್ರೇಕ್ ಒತ್ತೋಕೆ 2.5 ಸೆಕೆಂಡ್ ಹಿಡಿದ್ರೆ ಅಲ್ಲಿಗೇ 35 ಮೀಟರ್ ಹೋಯ್ತು. ಘರ್ಷಣಾಂಕ 0.37 ಅಂತ ಹಿಡಿದ್ರೆ ಗಾಡಿ ನಿಲ್ಲೋಕೆ ಇನ್ನೂ 27 ಮೀಟರ್. ಒಟ್ಟು ಸುಮಾರು 60 ಮೀಟರ್. ಅಂದ್ರೆ ಶಾಲೆ ಗೇಟಿಗೇ ಬೋರ್ಡ್ ಕಟ್ಟಿದ್ರೆ ತಡವಾಯ್ತು ಅಂತಲೇ ಲೆಕ್ಕ.

ಕಂಬ: ಜನ ನಡೆಯೋ ಕಡೆ ಬೋರ್ಡಿನ ಕೆಳ ಅಂಚು ಕನಿಷ್ಠ 2.1 ಮೀಟರ್ ಎತ್ತರ ಇರಬೇಕು. ನಮ್ಮ ಕಡೆ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ. ಬರೀ ಮಣ್ಣಲ್ಲಿ ಹುಗಿದ ಕಂಬ ವಾಲುತ್ತೆ, ಕಾಂಕ್ರೀಟ್ ಬುನಾದಿ ಬೇಕು. ಜಾಲಿಕಂಟಿ, ಆಳೆತ್ತರದ ತೊಗರಿ ಬೋರ್ಡನ್ನ ಮುಚ್ಚದ ಜಾಗ ಆರಿಸಿ.

ರಾತ್ರಿ: ಮಾಮೂಲಿ ಪೇಂಟ್ ಬೆಳಕನ್ನ ಎಲ್ಲಾ ದಿಕ್ಕಿಗೂ ಚೆಲ್ಲುತ್ತೆ. ರೆಟ್ರೊ ರಿಫ್ಲೆಕ್ಟಿವ್ ಶೀಟ್ ಹೆಡ್‌ಲೈಟ್ ಬೆಳಕನ್ನ ಬಂದ ಕಡೆಗೇ ವಾಪಸ್ ಕಳಿಸುತ್ತೆ. ಮೊಬೈಲ್ ಟಾರ್ಚನ್ನ ಕಣ್ಣಿನ ಪಕ್ಕ ಹಿಡಿದು ದೂರದಿಂದ ನೋಡಿ, ವ್ಯತ್ಯಾಸ ತಿಳಿಯುತ್ತೆ.

ಯಾರು ಹಾಕಬೇಕು: 1988ರ ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಈ ಅಧಿಕಾರ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರದು. ನಾವೇ ನೆಡೋ ಹಾಗಿಲ್ಲ. ಆದರೆ ಅಳೆಯೋದು ನಮಗೆ ಬರ್ತದಲ್ಲ! ಮಕ್ಕಳು ದಾಟೋ ಜಾಗ, ತಿರುವು, ಗಾಡಿಗಳ ವೇಗ ಎಲ್ಲಾ ಒಂದು ಸ್ಕೆಚ್‌ನಲ್ಲಿ ಗುರುತಿಸಿ. ಊರೊಳಗಿನ ರಸ್ತೆ ಆದ್ರೆ ಗ್ರಾಮ ಪಂಚಾಯಿತಿಗೆ, ಜಿಲ್ಲಾ ಮುಖ್ಯ ರಸ್ತೆ ಆದ್ರೆ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯೋದು ಮರೀಬೇಡಿ.